ಪೊನ್ನಂಪೇಟೆಯಲ್ಲಿ ನಾಲ್ಕು ಮಳೆಗಾಲ

ಕೊಡಗಿಗೆ ಪ್ರವಾಸ ಹೋಗಿ ಬಂದವರು ಫೋಟೊ ತೋರಿಸಿದಾಗಲೆಲ್ಲ ನಾನು ಒಂದು ಮಾತು ಕೇಳಿಯೇ ಕೇಳುತ್ತೇನೆ. ‘ಪೊನ್ನಂಪೇಟೆ ನೋಡಿದ್ರಾ?’ ಹೆಚ್ಚಿನವರಿಗೆ ಹೆಸರು ಕೇಳಿದ ನೆನಪಿರುತ್ತದೆ. ‘ಇರ್ಪು ಫಾಲ್ಸ್‌ಗೆ ಹೋಗುವಾಗ ಸಿಕ್ಕಿತ್ತು. ಸಣ್ಣ ಪೇಟೆ ಅಲ್ವಾ?’ ಅನ್ನುತ್ತಾರೆ. ಹೌದು, ಸಣ್ಣ ಪೇಟೆಯೇ. ಗೋಣಿಕೊಪ್ಪದಿಂದ ಕುಟ್ಟದ ಕಡೆ ಹೋಗುವ ಬಸ್ಸು ಅಲ್ಲಿ ನಿಂತು ಹೊರಟ ಸ್ವಲ್ಪ ಹೊತ್ತಿಗೆಲ್ಲ ಊರು ಮುಗಿದು ತೋಟ ಶುರುವಾಗುತ್ತದೆ. ಆದರೂ ನೀನು ಕಂಡ ಊರುಗಳಲ್ಲಿ ಚೆಂದದ್ದು ಯಾವುದು ಅಂತ ಯಾರಾದರೂ ಕೇಳಿದರೆ ಯೋಚನೆ ಮಾಡದೆ ಪೊನ್ನಂಪೇಟೆ ಅನ್ನುತ್ತೇನೆ. ಯಾಕೆ ಅಂತ ಒಂದೇ ಉಸಿರಿಗೆ ಹೇಳಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋಗಿದ್ದು 2010ರಲ್ಲಿ, ಅರಣ್ಯಶಾಸ್ತ್ರ ಓದಲು. ಅಲ್ಲಿನ ಅರಣ್ಯ ಮಹಾವಿದ್ಯಾಲಯ ಶುರುವಾಗಿದ್ದು 1995ರಲ್ಲಿ. ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು, ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದೆ. ಊರಿನಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜೂ ಇದೆ. ರಾಮಕೃಷ್ಣ ಶಾರದಾಶ್ರಮ ಇದೆ. ಹಾಕಿ ಟರ್ಫ್ ಇದೆ, ಕೊಡಗು ಅಂದಮೇಲೆ ಅದು ಇರಲೇಬೇಕು. ಸಂಜೆ ಪೇಟೆಯಲ್ಲಿ ನಿಂತರೆ ಬ್ಯಾಗು ಹೊತ್ತ ಕಾಲೇಜು ಹುಡುಗರು, ಸ್ಟಿಕ್ ಹಿಡಿದ ಚಿಕ್ಕ ಮಕ್ಕಳು, ತೋಟದ ಕೆಲಸ ಮುಗಿಸಿ ಜೀಪಿನ ಹಿಂದೆ ನಿಂತು ಮನೆಗೆ ಹೋಗುವವರು, ಎಲ್ಲರೂ ಒಂದೇ ರಸ್ತೆಯಲ್ಲಿ ಕಾಣುತ್ತಾರೆ.

ನಾನು ಬಯಲುಸೀಮೆಯಲ್ಲಿ ಬೆಳೆದವಳು. ಮೊದಲ ಸಲ ಅಪ್ಪನ ಜೊತೆ ಮೈಸೂರಿನಿಂದ ಬಸ್ಸಿನಲ್ಲಿ ಬಂದೆ. ಹುಣಸೂರು ದಾಟಿ ಸ್ವಲ್ಪ ದೂರ ಹೋದಮೇಲೆ ಆನೆಚೌಕೂರಿನ ಗೇಟು ಬರುತ್ತದೆ. ಅಲ್ಲಿಂದ ನಾಗರಹೊಳೆಯ ಕಾಡು. ಕಿಟಕಿಯಿಂದ ಬರುವ ಗಾಳಿ ತಟ್ಟನೆ ತಣ್ಣಗಾಯಿತು. ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡರು. ತಿತಿಮತಿಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಗೋಣಿಕೊಪ್ಪ, ಆಮೇಲೆ ಪೊನ್ನಂಪೇಟೆ. ಮಳೆ ನಿಲ್ಲಲಿಲ್ಲ. ನಾನು ‘ಸ್ವಲ್ಪ ನಿಲ್ಲಲಿ, ಆಮೇಲೆ ಇಳಿಯೋಣ’ ಅಂದೆ. ಕಂಡಕ್ಟರ್ ನಗುತ್ತಾ, ‘ನವೆಂಬರಿಗೆ ನಿಲ್ಲುತ್ತೆ, ಇಳೀರಮ್ಮ’ ಅಂದರು.

ಆ ಊರಿನ ಮಳೆ ಬಗ್ಗೆ ಮೊದಲು ಹೇಳಬೇಕು. ನಮ್ಮ ಕಡೆ ಮಳೆ ಅಂದರೆ ಬಂತು, ಹೋಯಿತು. ಇಲ್ಲಿ ಮಳೆ ಮನೆಯ ಒಬ್ಬರ ಹಾಗೆ ಜೊತೆಯಲ್ಲೇ ಇರುತ್ತದೆ. ಜೂನ್‌ನಲ್ಲಿ ಬಂದು ಕೂತರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಪುಸ್ತಕದ ರಟ್ಟಿಗೆ ಬೂಸ್ಟು. ಚಪ್ಪಲಿಗೆ ಬೂಸ್ಟು. ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ಅಂತ ಒತ್ತಿಟ್ಟ ಎಲೆಗಳಿಗೂ ಬೂಸ್ಟು. ದಿನಕ್ಕೆ ಎರಡು ಸಲ ಪೇಪರ್ ಬದಲಾಯಿಸಿ, ಕಾಗದವನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಮಾಡಿ ಎಲೆ ಉಳಿಸಿಕೊಳ್ಳುತ್ತಿದ್ದೆವು. ಮೊದಲ ತಿಂಗಳು ರಾತ್ರಿ ಹೆಂಚಿನ ಮೇಲಿನ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ನವೆಂಬರಿನಲ್ಲಿ ಸದ್ದು ನಿಂತಾಗಲೂ ನಿದ್ದೆ ಬರಲಿಲ್ಲ.

ಹಾಸ್ಟೆಲಿನಿಂದ ಸ್ವಲ್ಪ ದೂರದಲ್ಲಿ ಒಬ್ಬರ ಕಾಫಿ ತೋಟ ಇತ್ತು. ಬೆಳಗ್ಗೆ ನಡೆಯಲು ಹೋದಾಗ ತೋಟದ ಯಜಮಾನರು ಕೊಡೆ ಹಿಡಿದು ಅಂಗಳದಲ್ಲಿ ಬಗ್ಗಿ ನಿಂತಿರುತ್ತಿದ್ದರು. ಅರವತ್ತು ದಾಟಿದವರು. ನಾವು ಅವರನ್ನು ಅಂಕಲ್ ಅನ್ನುತ್ತಿದ್ದೆವು. ಏನು ಮಾಡುತ್ತಾರೆ ಅಂತ ಒಂದು ದಿನ ಗೇಟಿನ ಹತ್ತಿರ ನಿಂತು ನೋಡಿದೆ. ಮಳೆಮಾಪಕದಿಂದ ನೀರು ತೆಗೆದು ಗಾಜಿನ ಅಳತೆಗೆ ಸುರಿಯುತ್ತಿದ್ದರು. ಕಣ್ಣಿನ ಮಟ್ಟಕ್ಕೆ ಎತ್ತಿ, ಕನ್ನಡಕ ಸರಿ ಮಾಡಿಕೊಂಡು ಓದಿದರು. ‘ಎರಡು ಇಂಚು ನಲವತ್ತು’ ಅಂದರು. ನನಗೆ ಅಂದರೋ, ತಮಗೇ ಅಂದುಕೊಂಡರೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ಮ ಕಾಲೇಜಿನಲ್ಲಿ ಎಷ್ಟಮ್ಮಾ?’ ಅಂತ ಕೇಳಿದರು.

ಕಾಫಿ ತೋಟದವರ ಮಳೆ ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ ಅಂತ ನನಗೆ ಗೊತ್ತಾಗಿದ್ದು ಅಂದೇ. ಒಂದು ಇಂಚಿಗೆ ನೂರು ಸೆಂಟ್. ನಮ್ಮ ಪಾಠದಲ್ಲಿ ಎಲ್ಲ ಮಿಲಿಮೀಟರ್. ಇಂಚಿಗೆ 25.4 ಮಿಲಿಮೀಟರ್ ಅಂತ ಗುಣಿಸಿಕೊಂಡರೆ ಅವರ ಎರಡು ಇಂಚು ನಲವತ್ತು ಸೆಂಟ್ ಅಂದರೆ ಸುಮಾರು 61 ಮಿಲಿಮೀಟರ್. ಒಂದೇ ರಾತ್ರಿಗೆ! ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರಾಗುತ್ತದೆ. ಆ ಲೆಕ್ಕ ಹಾಕಿದ ದಿನ ನಾನು ಕಿಟಕಿ ಹತ್ತಿರ ಸುಮ್ನೆ ಕೂತುಬಿಟ್ಟೆ. ನಮ್ಮೂರಿನಲ್ಲಿ ಟ್ಯಾಂಕರ್ ಬಂದಾಗ ಕೊಡ ಹಿಡಿದು ಸಾಲಿನಲ್ಲಿ ನಿಂತ ಕೈ ಇದು.

ಅವರ ಮನೆಯ ಕಪಾಟಿನಲ್ಲಿ ಮಳೆ ಪುಸ್ತಕಗಳಿದ್ದವು. ಅವರ ತಂದೆ ಬರೆದದ್ದು, ಆಮೇಲೆ ಇವರು ಬರೆದದ್ದು. ಒಂದು ದಿನಕ್ಕೆ ಒಂದು ಸಾಲು. ಮಳೆ ಇಲ್ಲದ ದಿನ ಒಂದು ಸಣ್ಣ ಗೆರೆ. ತಂದೆಯ ಅಕ್ಷರ ನೀಲಿ ಶಾಯಿಯಲ್ಲಿ, ಓರೆಯಾಗಿ. ಒಂದು ಪುಟದಲ್ಲಿ ಅಕ್ಷರ ಬದಲಾಗಿತ್ತು. ‘ಅಪ್ಪ ಹೋದ ದಿನ. ನಾನು ಬರೆದಿದ್ದು’ ಅಂದರು. ಆ ದಿನವೂ ಮಳೆ ಅಳೆದಿದ್ದರು. ಎಪ್ಪತ್ತು ಸೆಂಟ್.

ಮಳೆ ಬಿಟ್ಟರೆ ಮೊದಲ ಕೆಲವು ತಿಂಗಳು ನನಗೆ ಅಲ್ಲಿ ಕಂಡಿದ್ದು ಬರೀ ಹಸಿರು. ಎಲ್ಲಿ ನೋಡಿದರೂ ಹಸಿರು, ಎಲ್ಲ ಒಂದೇ ಥರ. ಚೆಂದ ಅನ್ನಿಸುತ್ತಿತ್ತು ನಿಜ, ಆದರೆ ಗುರುತಿಲ್ಲದ ಜನ ತುಂಬಿದ ಮದುವೆ ಮನೆಯಲ್ಲಿ ಕೂತ ಹಾಗೆ. ಮರಗಳನ್ನು ಗುರುತಿಸುವ ಪಾಠ ಶುರುವಾದಾಗ ಇನ್ನೂ ಕಷ್ಟವಾಯಿತು. ಪುಸ್ತಕದಲ್ಲಿ ಎಲೆ ನೋಡಿ ಗುರುತಿಸಿ ಅಂತ ಇರುತ್ತದೆ. ಇಲ್ಲಿ ಎಲೆ ಇರುವುದು ನೂರು ಅಡಿ ಮೇಲೆ, ಅದರ ಮೇಲೆ ಮಂಜು. ಕತ್ತು ನೋವು ಬಂತೇ ಹೊರತು ಮರದ ಹೆಸರು ಬರಲಿಲ್ಲ.

ಫೀಲ್ಡಿಗೆ ನಮ್ಮ ಜೊತೆ ಒಬ್ಬರು ಅಣ್ಣ ಬರುತ್ತಿದ್ದರು. ಯರವ ಅನ್ನುವ ಆದಿವಾಸಿ ಸಮುದಾಯದವರು, ಹುಟ್ಟಿದಾಗಿನಿಂದ ಆ ಕಾಡಿನ ಅಂಚಿನಲ್ಲೇ ಇದ್ದವರು. ಮೇಲೆ ನೋಡುತ್ತಾ ನಿಂತಿದ್ದ ನನಗೆ ಅವರು, ‘ಮೇಲೆ ನೋಡ್ಬೇಡಿ ಅಕ್ಕ. ಮೊದ್ಲು ಕೆಳಗೆ ನೋಡಿ’ ಅಂದರು. ಮರದ ಬುಡದಲ್ಲಿ ಕೂತು ಒದ್ದೆ ಎಲೆಗಳನ್ನು ಒಂದೊಂದಾಗಿ ಸರಿಸಿದರು. ಒಂದು ಕಾಯಿ ಸಿಕ್ಕಿತು, ಮಂಗ ಅರ್ಧ ತಿಂದು ಬಿಟ್ಟದ್ದು. ಎರಡು ಒಣಗಿದ ಎಸಳು. ಬೇರೆ ಮರದ ಎಲೆಗಳನ್ನು ಪಕ್ಕಕ್ಕೆ ಇಟ್ಟು, ಈ ಮರದ ಎಲೆಗಳನ್ನು ನನ್ನ ಅಂಗೈ ಮೇಲೆ ಇಟ್ಟರು. ಮೇಲೆ ಇರುವುದೆಲ್ಲ ಕೆಳಗೆ ಬಿದ್ದಿತ್ತು. ನಾನು ನೋಡಿರಲಿಲ್ಲ ಅಷ್ಟೇ.

ಅಲ್ಲಿಂದ ಊರು ನನಗೆ ಬೇರೆ ಥರ ಕಾಣತೊಡಗಿತು. ಮೊದಲು ಗುರುತಾದ ಮರ ನಂದಿ. ಅದರ ತೊಗಟೆ ನಯವಾಗಿ, ತಿಳಿ ಬಣ್ಣಕ್ಕಿರುತ್ತದೆ. ತೆಳ್ಳಗೆ ಕಾಗದದ ಹಾಗೆ ಸುಲಿದು ಬರುತ್ತದೆ. ಮಳೆಯಲ್ಲಿ ಎಲ್ಲ ಮರಗಳ ಕಾಂಡ ಕಪ್ಪಗಾದರೂ ನಂದಿ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ಹೊನ್ನೆ. ಅದರ ತೊಗಟೆಗೆ ಸಣ್ಣ ಗಾಯವಾದರೂ ಕೆಂಪು ಅಂಟು ಒಸರುತ್ತದೆ, ಥೇಟ್ ರಕ್ತ. ಮೊದಲ ಸಲ ನೋಡಿದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡಿದ್ದೆ. ಮತ್ತಿ, ಬೀಟೆ, ಧೂಪ, ಬೈನೆ. ಒಂದೊಂದು ಹೆಸರು ಗೊತ್ತಾದ ಹಾಗೆಲ್ಲ ಆ ಹಸಿರು ಬಿಡಿಸಿಕೊಂಡು ಬೇರೆ ಬೇರೆಯಾಗುತ್ತಾ ಬಂತು. ಎರಡನೇ ವರ್ಷದ ಹೊತ್ತಿಗೆ ಹಾಸ್ಟೆಲಿನಿಂದ ಪೇಟೆಗೆ ನಡೆಯುವಾಗ ಯಾವ ತಿರುವಿನಲ್ಲಿ ಯಾವ ಮರ ಅಂತ ನನಗೆ ಗೊತ್ತಿತ್ತು. ಗುರುತಿನವರ ಮನೆ ಮುಂದೆ ಹಾದು ಹೋದ ಹಾಗೆ ಅನ್ನಿಸುತ್ತಿತ್ತು.

ಮರ ಅಳೆಯುವುದೂ ನಮಗೆ ಪಾಠವೇ. ನೆಲದಿಂದ 1.37 ಮೀಟರ್ ಎತ್ತರಕ್ಕೆ, ಅಂದರೆ ಎದೆಯ ಮಟ್ಟಕ್ಕೆ ಟೇಪು ಸುತ್ತಬೇಕು. ದೊಡ್ಡ ಮರವಾದರೆ ಒಬ್ಬರ ಕೈ ಸಾಲದು. ಈ ಕಡೆಯಿಂದ ನಾನು, ಆ ಕಡೆಯಿಂದ ಗೆಳತಿ. ಟೇಪು ದಾಟಿಸಲು ಮುಖವನ್ನು ತೊಗಟೆಗೆ ಒತ್ತಿಯೇ ನಿಲ್ಲಬೇಕು. ಆಗ ಗೊತ್ತಾಗುತ್ತದೆ, ಒಂದೊಂದು ಮರಕ್ಕೂ ಒಂದೊಂದು ವಾಸನೆ. ಧೂಪದ ಮರದ ಹತ್ತಿರ ಗುಡಿಯ ಒಳಗಿನ ವಾಸನೆ. ಪಾಚಿ ಹಿಡಿದ ಮತ್ತಿಯ ಹತ್ತಿರ ಹಳೇ ಬಾವಿಯ ವಾಸನೆ. ತೊಗಟೆಯ ಬಿರುಕಿನಲ್ಲಿ ಇರುವೆ ಸಾಲು, ಅದರ ಪಕ್ಕದಲ್ಲಿ ಉಗುರಿನಷ್ಟು ಜರಿಗಿಡ, ಅದರ ಕೆಳಗೆ ಒಂದು ಹನಿ ನೀರು. ಕಾಲಿನಲ್ಲಿ ಎರಡೋ ಮೂರೋ ಜಿಗಣೆ ಅಂಟಿಕೊಂಡಿರುತ್ತಿದ್ದವು, ಅದು ಬೇರೆ ಮಾತು. ಮೊದಲ ವಾರ ಕಿರುಚಿದ್ದೆ. ಆಮೇಲೆ ಟೇಪು ಓದಿ, ಬರೆಸಿ, ಆಮೇಲೆ ಜಿಗಣೆ ತೆಗೆಯುತ್ತಿದ್ದೆ.

ನಾವು ಹೆಚ್ಚು ಅಳೆದಿದ್ದು ದೇವರಕಾಡುಗಳಲ್ಲಿ. ಕೊಡಗಿನಲ್ಲಿ ಅಂಥವು 1,214 ದಾಖಲಾಗಿವೆ. ಎಲ್ಲ ಸೇರಿದರೆ ಸುಮಾರು 2,550 ಹೆಕ್ಟೇರ್. ಊರೂರಿಗೂ ಒಂದು ಇರುತ್ತದೆ. ಕೆಲವು ತುಂಬ ಸಣ್ಣವು, ಐದು ನಿಮಿಷದಲ್ಲಿ ಸುತ್ತು ಹಾಕಿ ಬರಬಹುದು. ಸುತ್ತಲೂ ಕಾಫಿ ತೋಟ, ನಡುವೆ ಮಾತ್ರ ಹಳೇ ಕಾಡು ಉಳಿದಿರುತ್ತದೆ. ಅಲ್ಲಿ ಕೊಡಲಿ ಹಾಕುವ ಹಾಗಿಲ್ಲ ಅಂತ ಹಿರಿಯರು ಮಾಡಿದ ಕಟ್ಟು. ನಾವು ಒಳಗೆ ಹೋಗುವ ಮುಂಚೆ ಆ ಅಣ್ಣ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ನಾವೂ ಬಿಡುತ್ತಿದ್ದೆವು. ಬರಿಗಾಲಿಗೆ ಆ ನೆಲ ಹಾಸಿಗೆಯ ಹಾಗೆ ಮೆತ್ತಗೆ ಸಿಗುತ್ತದೆ. ಎಷ್ಟು ವರ್ಷದ ಎಲೆ ಬಿದ್ದು ಬಿದ್ದು ಮಣ್ಣಾಗಿದೆಯೋ. ತೋಟದಿಂದ ಒಳಗೆ ಕಾಲಿಟ್ಟ ಕೂಡಲೇ ತಂಪು ಗೊತ್ತಾಗುತ್ತದೆ, ಮಾತು ತಾನಾಗಿ ಮೆಲ್ಲಗಾಗುತ್ತದೆ. ಗಲಾಟೆ ಮಾಡುವ ನಮ್ಮ ಇಡೀ ಬ್ಯಾಚು ಅಲ್ಲಿ ಪಿಸುಮಾತಿನಲ್ಲಿ ಅಳತೆ ಹೇಳುತ್ತಿತ್ತು.

ಎತ್ತರದಿಂದ ನೋಡಬೇಕು ಅನ್ನುವವರಿಗೆ ಕುಂದ ಬೆಟ್ಟ ಇದೆ. ಮೇಲೆ ಈಶ್ವರನ ಗುಡಿ. ಮಳೆ ಬಿಟ್ಟಮೇಲೆ ಬೆಳಗ್ಗೆ ಬೇಗ ಹತ್ತಿದರೆ ಕೆಳಗಿನ ಗದ್ದೆ ಬಯಲಿನಲ್ಲಿ ಮಂಜು ಹಾಲಿನ ಹಾಗೆ ನಿಂತಿರುತ್ತದೆ. ದಕ್ಷಿಣಕ್ಕೆ ಬ್ರಹ್ಮಗಿರಿ ಸಾಲು. ಚೆಂದವೇ, ಆದರೆ ನನಗೆ ಬೆಟ್ಟದ ಮೇಲಿನ ನೋಟಕ್ಕಿಂತ ಹತ್ತುವ ದಾರಿ ಇಷ್ಟ. ಬೆಳಕಾಗುವ ಮುಂಚೆ ಅಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಹಾಡುತ್ತದೆ. ಕಡು ನೀಲಿ ಹಕ್ಕಿ. ಯಾರೋ ಹುಡುಗ ಸ್ಕೂಲಿಗೆ ಹೋಗುತ್ತಾ ತನ್ನ ಪಾಡಿಗೆ ಸಿಳ್ಳೆ ಹಾಕಿದ ಹಾಗೆ, ಶುರು ಇಲ್ಲ, ಕೊನೆ ಇಲ್ಲ, ರಾಗ ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಮೊದಲ ಸಲ ಕೇಳಿದಾಗ ಹಿಂದೆ ಯಾರೋ ಬರುತ್ತಿದ್ದಾರೆ ಅಂತ ನಾವು ಮೂವರೂ ತಿರುಗಿ ನೋಡಿದ್ದೆವು.

ಇನ್ನು ಕಾಫಿ ಹೂವಿನ ಮಾತು. ಇದನ್ನು ಹೇಳದಿದ್ದರೆ ಪೊನ್ನಂಪೇಟೆಯ ಬಗ್ಗೆ ಏನೂ ಹೇಳಿದ ಹಾಗಲ್ಲ.

ದಕ್ಷಿಣ ಕೊಡಗಿನಲ್ಲಿ ರೊಬಸ್ಟಾ ಜಾತಿಯ ಕಾಫಿ ಜಾಸ್ತಿ. ಜನವರಿ, ಫೆಬ್ರವರಿಯಲ್ಲಿ ಹಣ್ಣು ಕೊಯ್ದು ಮುಗಿಯುತ್ತದೆ. ಆಗ ತೋಟ ಸುಸ್ತಾದ ಹಾಗೆ ಕಾಣುತ್ತದೆ. ಎಲೆ ಜೋತು ಬಿದ್ದಿರುತ್ತದೆ, ನೆಲ ಒಣಗಿರುತ್ತದೆ. ಗೆಣ್ಣು ಗೆಣ್ಣಿನಲ್ಲಿ ಮೊಗ್ಗು ಬಂದಿರುತ್ತದೆ, ಆದರೆ ಮುಷ್ಟಿ ಬಿಗಿದ ಹಾಗೆ ಗಟ್ಟಿಯಾಗಿ ಕಾಯುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಒಳ್ಳೆ ಮಳೆ. ಹೂಮಳೆ ಅಂತಲೇ ಹೆಸರು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗ ಬೇಕಾದರೂ ಬರಬಹುದು, ಬರದೆಯೂ ಇರಬಹುದು. ಆ ದಿನಗಳಲ್ಲಿ ಇಡೀ ಊರು ಆಕಾಶ ನೋಡುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಅದೇ ಮಾತು. ‘ಹುದಿಕೇರಿಗೆ ಬಂತಂತೆ.’ ‘ಬಾಳೆಲೆಗೆ ಮೂವತ್ತು ಸೆಂಟ್ ಅಷ್ಟೇ.’ ಸೆಂಟ್ ಲೆಕ್ಕದ ಬೆಲೆ ನನಗೆ ಸರಿಯಾಗಿ ಅರ್ಥವಾಗಿದ್ದು ಆಗಲೇ. ಒಂದು ಇಂಚು ಬಂದರೆ ಹೂ ಚೆನ್ನಾಗಿ ಬಿಡುತ್ತದೆ. ಅರೆಬರೆ ಬಂದು ನಿಂತರೆ ಮೊಗ್ಗು ಅರ್ಧ ಎದ್ದು ಹಾಳಾಗುತ್ತದೆ. ಹೂವಾದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಇಲ್ಲದವರು ಕಾಯುತ್ತಾರೆ.

ಮಳೆಯಾಗಿ ಒಂದು ವಾರ, ಹತ್ತು ದಿನ. ಮೊಗ್ಗು ದಿನದಿನಕ್ಕೆ ಊದಿಕೊಂಡು ಬಿಳಿ ಮೇಣದ ಬತ್ತಿಯ ಹಾಗೆ ನೆಟ್ಟಗಾಗುತ್ತದೆ. ಆಮೇಲೆ ಒಂದು ಬೆಳಗ್ಗೆ ಎಲ್ಲ ಒಟ್ಟಿಗೆ ಅರಳುತ್ತದೆ. ಒಂದು ಗಿಡ, ಎರಡು ಗಿಡ ಅಲ್ಲ. ಮಳೆ ಬಿದ್ದ ಅಷ್ಟೂ ಗುಡ್ಡ. ರೆಂಬೆ ರೆಂಬೆಗೆ ಮಲ್ಲಿಗೆ ದಂಡೆ ಸುತ್ತಿದ ಹಾಗೆ. ಒಂದು ತೋಟಕ್ಕೆ ಮಳೆ ಬಂದು ಪಕ್ಕದ್ದಕ್ಕೆ ಬಂದಿಲ್ಲ ಅಂದರೆ ಈ ಗುಡ್ಡ ಬೆಳ್ಳಗೆ, ಆ ಗುಡ್ಡ ಹಸಿರು. ಯಾವ ಬೇಲಿಯವರೆಗೆ ಮೋಡ ಬಂದಿತ್ತು ಅಂತ ಹೂವೇ ತೋರಿಸುತ್ತದೆ.

ಮೊದಲ ವರ್ಷ ಹೂವಾದ ದಿನ ನಾನು ಅಂಕಲ್ ತೋಟದೊಳಗೆ ಹೋಗಿ ಒಂದು ಗಿಡದ ಮುಂದೆ ಕೂತೆ. ಹೂವಿನ ಎಸಳು ಎಣಿಸಿದೆ. ಕೆಲವದರಲ್ಲಿ ಐದು, ಕೆಲವದರಲ್ಲಿ ಆರು. ಹೂವಿನ ಬಾಯಿಯಿಂದ ಎರಡಾಗಿ ಸೀಳಿದ ಸಣ್ಣ ಎಳೆಯೊಂದು ಹೊರಗೆ ಬಂದಿತ್ತು. ಒಂದು ತುಡುವೆ ಜೇನು ಬಂದು ಕೂತಿತು. ಕಾಲಿಗೆಲ್ಲ ಪರಾಗ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡದಿಂದ ಗಾಳಿಯೋ ಜೇನೋ ತಂದುಕೊಡಬೇಕು. ಅದಕ್ಕೇ ಎಲ್ಲ ಒಂದೇ ದಿನ ಅರಳಿದರೆ ಅನುಕೂಲ. ತಲೆಯ ಮೇಲೆ ದೊಡ್ಡ ಮರಗಳಲ್ಲಿ ಹೆಜ್ಜೇನು. ಆ ತೋಟ ಇಡೀ ಒಂದು ತಂಬೂರಿಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ‘ಹಿಂದೆ ಇನ್ನೂ ಜಾಸ್ತಿ ಇತ್ತು’ ಅಂತ ಅಂಕಲ್ ಅಂದರು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ತುಡುವೆ ಗೂಡುಗಳು ಸಾಲು ಸಾಲಾಗಿ ಖಾಲಿಯಾಗಿದ್ದವು. ಅವರ ಮನೆ ಹಿಂದಿನ ಜೇನು ಪೆಟ್ಟಿಗೆಗಳೂ ಆಗಲೇ ಖಾಲಿಯಾದದ್ದು.

ಮೂರನೇ ದಿನಕ್ಕೆ ಹೂ ಕಂದು ಬಣ್ಣಕ್ಕೆ ತಿರುಗಿತು. ಅಷ್ಟೇ, ವರ್ಷಕ್ಕೆ ಎರಡು ಮೂರು ದಿನ. ಪ್ರವಾಸಕ್ಕೆ ದಿನ ಗೊತ್ತು ಮಾಡಿಕೊಂಡು ಬರುವವರಿಗೆ ಇದು ಸಿಗುವುದು ಕಷ್ಟ. ಅಲ್ಲೇ ಇರಬೇಕು. ನಾಲ್ಕು ವರ್ಷ ಅಲ್ಲೇ ಇದ್ದ ನನಗೂ ಸಿಕ್ಕಿದ್ದು ಮೂರು ಸಲ. ಒಂದು ವರ್ಷ ರಜೆಗೆ ಊರಿಗೆ ಹೋದಾಗ ಹೂವಾಗಿ ಮುಗಿದಿತ್ತು.

ಆನೆಯ ಬಗ್ಗೆಯೂ ಬರೆಯಲೇಬೇಕು. ಊರಿನ ಚೆಂದ ಹೇಳಿ ಭಯ ಬಿಟ್ಟರೆ ಅಲ್ಲಿರುವವರಿಗೆ ಅನ್ಯಾಯ. ನಾಗರಹೊಳೆ ಪಕ್ಕದಲ್ಲೇ ಇದೆ. ತೋಟಗಳಲ್ಲಿ ನೀರಿದೆ, ನೆರಳಿದೆ, ಹಲಸು ಇದೆ. ಆನೆ ಬರುತ್ತದೆ, ಕೆಲವು ತೋಟದಲ್ಲೇ ಉಳಿದುಬಿಡುತ್ತವೆ. ಕತ್ತಲಾದ ಮೇಲೆ ನಡೆದುಕೊಂಡು ಓಡಾಡಬೇಡಿ ಅಂತ ನಮಗೆ ಮೊದಲ ದಿನವೇ ಹೇಳಿದ್ದರು. ಒಂದು ಬೆಳಗ್ಗೆ ದಾರಿಯಲ್ಲಿ ಹಸಿ ಲದ್ದಿ ಬಿದ್ದಿತ್ತು. ಇನ್ನೂ ಹಬೆಯಾಡುತ್ತಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದರೆ ಹಲಸಿನ ಬೀಜ, ನಾರು, ಅದರ ನಡುವೆ ಕಾಫಿ ಬೀಜ. ನಾವು ವಿದ್ಯಾರ್ಥಿಗಳು ಖುಷಿಯಿಂದ ಫೋಟೊ ತೆಗೆದೆವು. ಜೊತೆಗಿದ್ದ ಅಣ್ಣ ಫೋಟೊ ನೋಡಲಿಲ್ಲ. ಸುತ್ತ ನೋಡುತ್ತಾ, ‘ನಡೀರಿ, ದೂರ ಹೋಗಿಲ್ಲ’ ಅಂದರು. ಅವರ ನೆಂಟರೊಬ್ಬರು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಆನೆಗೆ ಸಿಕ್ಕಿ ತೀರಿಕೊಂಡಿದ್ದರು ಅಂತ ಎಷ್ಟೋ ದಿನದ ಮೇಲೆ ಗೊತ್ತಾಯಿತು. ಆಮೇಲೆ ನಾನು ಲದ್ದಿ ಕಂಡರೆ ಮೊದಲು ಅವರ ಮುಖ ನೋಡುತ್ತಿದ್ದೆ.

ಬದಲಾವಣೆಗಳೂ ಕಣ್ಣಿಗೆ ಬಿದ್ದಿವೆ. ತೋಟದಲ್ಲಿ ನಂದಿ, ಹೊನ್ನೆ, ಅತ್ತಿಯ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಬೆಳೆಗಾರರನ್ನು ಸುಮ್ನೆ ಬಯ್ಯಲು ನನಗೆ ಮನಸ್ಸಿಲ್ಲ. ಸಿಲ್ವರ್ ಓಕ್ ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸುಲಭ. ಕಡಿಯಲು ಅನುಮತಿಗೆ ಅಲೆಯಬೇಕಿಲ್ಲ. ಊರ ಮರವಾದರೆ ತಮ್ಮ ತೋಟದ್ದೇ ಆದರೂ ಅರ್ಜಿ ಹಾಕಿ ಕಾಯಬೇಕು. ನೆಟ್ಟು ಬೆಳೆಸಿದವರಿಗೆ ಕಷ್ಟ ಕೊಟ್ಟು, ಹೊರಗಿನ ಮರಕ್ಕೆ ಸಲೀಸು ಮಾಡಿಟ್ಟರೆ ಯಾರು ತಾನೇ ನಂದಿ ನೆಡುತ್ತಾರೆ? ಈ ನಿಯಮ ಸರಿಯಾಗಬೇಕು ಅಂತ ನಾನು ಸಿಕ್ಕಲ್ಲೆಲ್ಲ ಹೇಳುತ್ತಲೇ ಇದ್ದೇನೆ. ಗದ್ದೆಗಳೂ ಹಾಗೇ. ನಾನು ಹೋದಾಗ ಆಗಸ್ಟ್‌ನಲ್ಲಿ ನಾಟಿ ನಡೆಯುತ್ತಿದ್ದ ಕೆಲವು ಬಯಲುಗಳಲ್ಲಿ ಈಗ ಶುಂಠಿಯ ಏರುಮಡಿ ಕಾಣುತ್ತದೆ, ಕೆಲವು ಹಾಗೇ ಪಾಳು. ಗದ್ದೆಯಲ್ಲಿ ನೀರು ನಿಲ್ಲುತ್ತಿತ್ತು, ಇಂಗುತ್ತಿತ್ತು. ಅದು ನಿಂತರೆ ಬೇಸಿಗೆಯಲ್ಲಿ ತೋಡು, ಅಂದರೆ ಸಣ್ಣ ಹಳ್ಳ, ಒಣಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಕಡೆ ಗುಡ್ಡ ಕುಸಿದಾಗ, ಮರುವರ್ಷ ಮತ್ತೆ ಮಳೆ ಹೊಡೆದಾಗ, ನಾನು ಬೆಂಗಳೂರಿನಲ್ಲಿ ಕೂತು ಅಂಕಲ್‌ಗೆ ಫೋನ್ ಮಾಡುತ್ತಲೇ ಇದ್ದೆ. ಲೈನ್ ಸಿಕ್ಕಾಗ ಅವರು ಮೊದಲು ಹೇಳಿದ್ದು ಇಂಚಿನ ಲೆಕ್ಕ. ಆ ಅಂಕಿ ಕೇಳಿ ನಾನು ನೆಲಕ್ಕೆ ಕೂತೆ.

ಬೆಂಗಳೂರಿಗೂ ಆ ಮಳೆಗೂ ಸಂಬಂಧ ಇದೆ. ಬ್ರಹ್ಮಗಿರಿಯ ಇರ್ಪುವಿನಲ್ಲಿ ಧುಮುಕುವುದು ಲಕ್ಷ್ಮಣತೀರ್ಥ. ಸುತ್ತಲಿನ ತೋಡು, ಹೊಳೆಗಳನ್ನು ಸೇರಿಸಿಕೊಂಡು ಬಾಳೆಲೆ ಕಡೆ ಹಾದು, ಹುಣಸೂರು ಮುಟ್ಟಿ, ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಳಗೆ ಹರಿದ ನೀರನ್ನೇ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ಬೆಂಗಳೂರಿಗೆ ತರುತ್ತಾರೆ. ನಮ್ಮ ಮನೆಗೆ ಕಾವೇರಿ ನೀರು ಬಿಡುವುದು ವಾರಕ್ಕೆ ಮೂರು ದಿನ. ಜುಲೈನಲ್ಲಿ ನಲ್ಲಿ ತಿರುಗಿಸಿದಾಗ ನನ್ನ ಮಗಳಿಗೆ, ‘ಇದರಲ್ಲಿ ಅಜ್ಜ ಅಳೆದ ನೀರೂ ಇದೆ’ ಅಂತ ಹೇಳುತ್ತೇನೆ. ಅವಳು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ.

ಕಳೆದ ಮಾರ್ಚ್‌ನಲ್ಲಿ ಒಂದು ರಾತ್ರಿ ಅಂಕಲ್ ಫೋನ್ ಬಂತು. ಈಗ ಅವರಿಗೆ ಎಂಬತ್ತರ ಹತ್ತಿರ. ಕೈ ನಡುಗುತ್ತದೆ, ಮಳೆ ಅಳೆಯುವುದು ಸೊಸೆ, ಓದುವುದು ಮಾತ್ರ ಇವರೇ. ‘ಮಳೆಯಾಗಿ ಇವತ್ತಿಗೆ ಒಂಬತ್ತು ದಿನ ಆಯ್ತು. ಒಂದು ಇಂಚು ಇಪ್ಪತ್ತು ಬಂದಿತ್ತು. ಮೊಗ್ಗು ಬತ್ತಿಯ ಹಾಗೆ ನಿಂತಿದೆ. ಬರ್ತೀಯೇನಮ್ಮಾ?’ ಅಂದರು. ನಾನು ಮಗಳ ಸ್ಕೂಲಿಗೆ ಎರಡು ದಿನ ರಜೆ ಬರೆದು ಮರುದಿನ ರಾತ್ರಿ ಬಸ್ಸು ಹತ್ತಿದೆ. ಹುಣಸೂರು ದಾಟುವಾಗ ಅವಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಕಾಡು ಮುಗಿಯಿತು. ಹೊರಗೆ ಇನ್ನೂ ಕತ್ತಲು, ಏನೂ ಕಾಣುತ್ತಿರಲಿಲ್ಲ. ಮುಂದಿನ ಸೀಟಿನವರು ಕಿಟಕಿ ಸ್ವಲ್ಪ ಸರಿಸಿದರು. ತಣ್ಣನೆ ಗಾಳಿಯ ಜೊತೆ ಆ ವಾಸನೆ ಒಳಗೆ ಬಂತು. ಮಗಳು ಕಣ್ಣು ಬಿಡದೆಯೇ, ‘ಅಮ್ಮಾ, ಯಾರು ಹೂ ಮುಡಿದಿದ್ದಾರೆ?’ ಅಂತ ಕೇಳಿದಳು.